ವರ್ನಾ ಮಲಗಿಸಿದ ಗಿಡಗಳು

ಬೋಲ್ಡರ್ ಊರಿನ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ವರ್ನಾ ಹೌಗನ್ ಸಾಕುತ್ತಿದ್ದದ್ದು ಡಕ್‌ವೀಡ್ ಎಂಬ ಗಿಡ. ನೀರಿನ ಮೇಲೆ ತೇಲುವ, ಬೇಳೆಯಷ್ಟಗಲದ ಹಸಿರು. ಮೀನು ಹಿಡಿಯುವ ಅವಳ ಗಂಡ ಆರ್ವಿಲ್‌ಗಂತೂ ಅದು ಗಾಳಕ್ಕೆ ಸುತ್ತಿಕೊಳ್ಳುವ ದರಿದ್ರ ಪಾಚಿ. ಇವಳೋ ದಿನಾ ಬೆಳಿಗ್ಗೆ ಕೋಟು ಕಳಚುವ ಮೊದಲೇ ಅವುಗಳತ್ತ ಬಗ್ಗಿ, "ಏಳ್ರೇ ಸೋಮಾರಿಗಳಾ!" ಎನ್ನುವಳು. ಲ್ಯಾಬಿನವರೆಲ್ಲ ನಗುತ್ತಿದ್ದರು.

ಪ್ರಯೋಗದ ಗಿಡಗಳಿಗೆ ನಿದ್ದೆಯ ಹಾರ್ಮೋನು ಹಾಕುವುದು ಅವಳದೇ ಕೆಲಸ. ಆ ಶರತ್ಕಾಲದಲ್ಲೊಮ್ಮೆ ಗಿಡಗಳ ಜೊತೆ ಹರಟುತ್ತಾ, ಹಾಳು ಬಾಯಿ, ತಳಿ ಉಳಿಸಲೆಂದು ಬೇರೆಯಾಗಿ ಇಟ್ಟಿದ್ದ ತಾಯಿಗಿಡಗಳ ಫ್ಲಾಸ್ಕಿಗೇ ಹಾಕಿಬಿಟ್ಟಳು! ಅದೇ ತಳಿಯ ಉಳಿದ ಫ್ಲಾಸ್ಕುಗಳಿಗೆ ಆಗಲೇ ಬೂಷ್ಟು ಹಿಡಿದಿತ್ತು. ಆ ತಳಿಯದ್ದೆಂದು ಉಳಿದದ್ದು ಇದೊಂದೇ. ವಾರ ಕಳೆಯುವಷ್ಟರಲ್ಲಿ ಹೊಸ ಎಲೆ ಬರುವುದು ನಿಂತು, ಗಿಡಗಳು ಕಪ್ಪು ಮೊಗ್ಗುಗಳಾಗಿ ತಳ ಸೇರಿದವು.

"ಸತ್ತಿಲ್ಲ ಮಾರಾಯ್ತಿ, ಮಲಗಿವೆ," ಎಂದರು ಪ್ರೊಫೆಸರ್ ಟಾಲ್ಬಟ್. "ಹಾರ್ಮೋನು ತಾಗ್ತಿದ್ದ ಹಾಗೇ ಇನೊಸಿಟಾಲ್ ಅನ್ನೋ ಸಕ್ಕರೆಯಂಥದ್ದನ್ನ ಮಾಡ್ಕೊಂಡು, ಬುತ್ತಿ ಕಟ್ಕೊಂಡೇ ಮಲಗೋದು ಅವು. ಚಳಿ ಕೊಡು, ಆಮೇಲೆ ಬೆಳಕು."

"ಅದು ನಂಗೊತ್ತು. ಏಳದಿದ್ರೆ?"

"ಏಳದಿದ್ರೆ ಈ ತಳಿ ಮುಗೀತು."

ದಿನವಿಡೀ ಬಾಗಿಲು ತೆಗೆದು ಹಾಕುವ ಲ್ಯಾಬಿನ ಫ್ರಿಜ್ಜನ್ನು ನಂಬದೆ, ಪ್ರೊಫೆಸರರ ಒಪ್ಪಿಗೆ ಪಡೆದು ವರ್ನಾ ಫ್ಲಾಸ್ಕನ್ನು ಮನೆಯ ಫ್ರಿಜ್ಜಿಗೇ ಒಯ್ದಳು.

"ಉಪ್ಪಿನಕಾಯಿ ಪಕ್ಕ ಪಾಚಿ!" ಎಂದ ಆರ್ವಿಲ್. "ಯಾವುದನ್ನ ತಿನ್ಲೇ?"

"ಮುಟ್ಟಿದ್ರೆ ಕೈ ಮುರೀತೀನಿ ಕಣೋ!"

ಚಳಿಗಾಲವಿಡೀ ಅವಳು ಲ್ಯಾಬಿನಲ್ಲಿ ಯಾವ ಗಿಡವನ್ನೂ ಕೂಗಿ ಏಳಿಸಲಿಲ್ಲ. ಹಿಮ ಕರಗಿದಾಗ ಫ್ಲಾಸ್ಕನ್ನು ಅಡುಗೆಮನೆಯ ಕಿಟಕಿಗೆ ತಂದಿಟ್ಟು, ಹೊಸ ನೀರು, ಗೊಬ್ಬರದ ಉಪ್ಪು ಕೊಟ್ಟಳು. ಒಂದೂ ಮಿಸುಕಲಿಲ್ಲ. ಒಂದು ರಾತ್ರಿ ಸಿಂಕಿನ ಬಳಿ ನಿಂತು, "ನನ್ನ ಕೈಯಾರೆ ಕೊಂದೆ," ಎಂದು ಬಿಕ್ಕಿದಳು. ಆರ್ವಿಲ್ ಅಂದು ಗೇಲಿ ಮಾಡಲಿಲ್ಲ.

ಸರೋವರದ ಮಂಜುಗಡ್ಡೆ ಒಡೆದ ಮೊದಲ ದಿನ, ಮೀನು ಹಿಡಿಯಲು ಅವನು ವರ್ಷವಿಡೀ ಕಾಯುವ ದಿನ, ಗೆಳೆಯರು ಹೊರಗೆ ಹಾರ್ನ್ ಮಾಡಿ ಮಾಡಿ ಹೊರಟುಹೋದರು. ಸಂಜೆ ವರ್ನಾ ಬಂದರೆ ಗಾಳ ಮೂಲೆಯಲ್ಲೇ ಇದೆ. ಗಂಡ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತಿದ್ದಾನೆ.

"ಶ್! ಮೆಲ್ಲಗೆ ಬಾ."

ಫ್ಲಾಸ್ಕಿನಲ್ಲಿ ಒಂದು ಮೊಗ್ಗು ಮೇಲೆ ತೇಲುತ್ತಿತ್ತು. ಪಕ್ಕದಲ್ಲಿ ಸಾಸಿವೆಯಷ್ಟು ಹಸಿರೆಲೆ. ವರ್ನಾ ಅವನ ಹೆಗಲು ಹಿಡಿದು ನಿಂತಳು.

"ಮೀನಿಗೆ ಹೋಗ್ಲಿಲ್ವಾ?"

"ಬೆಳಿಗ್ಗೆಯಿಂದ ಇವನ್ನ ಕರೀತಾ ಇದ್ದೆ."

"ಏನಂತ?"

ಆರ್ವಿಲ್‌ನ ಮುಖ ಕೆಂಪೇರಿತು. "ಇನ್ನೇನಂತ ಕರೀಲಿ? ಏಳ್ರೇ ಸೋಮಾರಿಗಳಾ, ಅವಳು ಅಳ್ತಾಳೆ, ಅಂತ."