ಮಾವಿನ ತೋಪಿನ ಬಿಸಿ ಚಾಕಲೇಟ್

ಚಾಕಲೇಟ್ ಕರಗುವುದನ್ನು ನಾವು ಟಿ.ವಿ.ಯಲ್ಲಷ್ಟೇ ನೋಡಿದ್ದ ಕಾಲ. ಅದೂ ಪಕ್ಕದ ಮನೆಯ ಟಿ.ವಿ., ಅದೂ ಅವರು ಬಾಗಿಲು ತೆಗೆದಿಟ್ಟಿದ್ದರೆ. ನಮ್ಮ ಕೈಗೆ ಸಿಗುತ್ತಿದ್ದುದು ಆಗಸ್ಟ್ ಹದಿನೈದಕ್ಕೆ ಸ್ಕೂಲಿನಲ್ಲಿ ಹಂಚುತ್ತಿದ್ದ ಪೆಪ್ಪರಮೆಂಟು. ಅದು ಕರಗುವ ಜಾತಿಯದಲ್ಲ, ಕಡಿದರೆ ಹಲ್ಲೇ ಸೋಲಬೇಕು. ಅಂಥ ಕಾಲದಲ್ಲಿ ಶಿಡ್ಲಘಟ್ಟದ ನಮ್ಮ ಬೀದಿಗೆ ಇಟ್ಟಿಗೆಯಷ್ಟು ದಪ್ಪದ ಕಪ್ಪು ಚಾಕಲೇಟ್ ಬಂತು. ಅದು ಬಂದ ಚಳಿಗಾಲವನ್ನು ನಾನು ಮರೆತಿಲ್ಲ.

ನಮ್ಮದು ಚರಕದ ಮನೆ. ಹಿತ್ತಲ ಶೆಡ್ಡಿನಲ್ಲಿ ಒಲೆಯ ಮೇಲೆ ಒಂದು ಬೇಸನ್, ಅದರಲ್ಲಿ ಬಿಸಿನೀರು, ನೀರಿನಲ್ಲಿ ತೇಲುವ ರೇಷ್ಮೆಗೂಡು. ಅಮ್ಮ ಬೆರಳು ಮುಳುಗಿಸಿ ಗೂಡಿನ ಎಳೆ ಹುಡುಕಿ ಕೊಡುತ್ತಿದ್ದಳು, ಅಪ್ಪ ಚಕ್ರ ತಿರುಗಿಸಿ ನೂಲು ಸುತ್ತುತ್ತಿದ್ದರು. ನೀರು ಹೆಚ್ಚು ಕಾದರೆ ಗೂಡು ಕರಗಿ ಗೊಜ್ಜಾಗುತ್ತದೆ, ಕಡಿಮೆಯಾದರೆ ಎಳೆ ಬಿಡುವುದಿಲ್ಲ. ಅಮ್ಮನಿಗೆ ಅದು ಒಂದು ದಿನವೂ ತಪ್ಪಿದ್ದಿಲ್ಲ. ಬೆರಳ ತುದಿಗಳು ಬೆಂದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. "ಈ ಬೀದಿನಾಗೆ ನೀರಿನ ಹದ ನಿಮ್ಮಮ್ಮನ್ನ ಕೇಳಬೇಕು" ಎಂದು ಬೇರೆ ಚರಕದವರೂ ಒಪ್ಪುತ್ತಿದ್ದರು. ಗೂಡಿನೊಳಗಿನ ಹುಳ ಬೇಯುವ ವಾಸನೆ ಹೊರಗಿನವರಿಗೆ ಬಸ್ ಸ್ಟ್ಯಾಂಡಿನಲ್ಲೇ ಮೂಗಿಗೆ ಬಡಿಯುತ್ತಿತ್ತಂತೆ. ನಮಗೆ ಹಾಗೊಂದು ವಾಸನೆ ಇದೆ ಎನ್ನುವುದೇ ಗೊತ್ತಿರಲಿಲ್ಲ.

ನಾನು ಏಳನೇ ಕ್ಲಾಸು. ಅಕ್ಕ ಶಾರದ ಒಂಬತ್ತನೆಯದು, ಓದಿನಲ್ಲಿ ಮುಂದು. ಆ ವರ್ಷ ಧನುರ್ಮಾಸಕ್ಕೆ ಮುಂಚೆ ಅವಳಿಗೆ ಟೈಫಾಯ್ಡ್ ಬಂದು, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ಜ್ವರ ಬಿಟ್ಟು ಮನೆಗೆ ಬಂದ ದಿನ ಅಮ್ಮ ಹಿತಕಿದ ಅವರೆಬೇಳೆ ಸಾರು ಮಾಡಿದ್ದಳು. ಅಕ್ಕ ತಟ್ಟೆಯ ಮುಂದೆ ಕೂತು ಮೂಗು ಮುಚ್ಚಿಕೊಂಡಳು.

"ಹುಳದ ವಾಸನೆ."

"ಎಲ್ಲೇ? ಅವರೆಕಾಯಿ ಸೊಗಡು ಕಣಮ್ಮ ಅದು," ಎಂದಳು ಅಮ್ಮ.

"ಸಾರಲ್ಲಿ, ಅನ್ನದಲ್ಲಿ, ನೀರಲ್ಲಿ, ಎಲ್ಲದ್ರಲ್ಲೂ."

ಮೂರು ವಾರ ಊರು ಬಿಟ್ಟಿದ್ದ ಅವಳ ಮೂಗು ಹೊರಗಿನವರ ಮೂಗಾಗಿ ಹಿಂದಿರುಗಿತ್ತು. ಜ್ವರದಿಂದ ಸೋತಿದ್ದ ಹೊಟ್ಟೆ ಅದನ್ನು ತಡೆಯಲಿಲ್ಲ. ಗಂಜಿ ಕೊಟ್ಟರೆ ವಾಂತಿ, ಹಾಲು ಕೊಟ್ಟರೂ ವಾಂತಿ. ಅಮ್ಮನ ತವರು ಚಿಂತಾಮಣಿ ಆಚೆ, ತೆಲುಗಿನ ಮನೆ. ಗಾಬರಿಯಾದಾಗ ಅವಳಿಗೆ ಕನ್ನಡ ಹಿಂದಾಗಿ ತೆಲುಗು ಮುಂದಾಗುತ್ತಿತ್ತು. "ರವ್ವಂತ ತಾಗಮ್ಮಾ, ರವ್ವಂತ" ಎಂದು, ಒಂದೇ ಒಂದು ಗುಟುಕು ಕುಡಿ ಎಂದು, ಲೋಟ ಹಿಡಿದು ಅಂಗಲಾಚುತ್ತಿದ್ದಳು. ಅಕ್ಕನ ಮುಂಗೈ ನನ್ನ ಮುಷ್ಟಿಯಲ್ಲಿ ಸುತ್ತಿ ಉಳಿಯುವಷ್ಟು ಸಣ್ಣಗಾಗಿತ್ತು. ಡಾಕ್ಟರು ಹೇಳಿದ್ದು ಇಷ್ಟೇ: ಸೋಮವಾರದೊಳಗೆ ಹೊಟ್ಟೆಗೇನಾದರೂ ಇಳಿಯಬೇಕು, ಇಲ್ಲದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಬಾಟ್ಲಿ ಹಾಕಬೇಕು. "ಈ ಸಲ ಎಷ್ಟು ದಿನ ಅಂತ ನಾನು ಹೇಳಕ್ಕಾಗಲ್ಲ" ಎಂದೂ ಅವರು ಸೇರಿಸಿದ್ದರು.

ಗುರುವಾರ ಲಲಿತತ್ತೆ ಬಂದಳು. ಅಪ್ಪನ ತಂಗಿ. ಬೆಂಗಳೂರಿನಲ್ಲಿ ಯೂರೋಪಿನ ಕಡೆಯ ಒಬ್ಬ ದೊರೆಸಾನಿಯ ಮನೆಯಲ್ಲಿ ಅಡುಗೆಗಿದ್ದಳು. ಒಳಗೆ ಬರುವಾಗ ಸೆರಗಿನಿಂದ ಮೂಗು ಒತ್ತಿಕೊಂಡಿದ್ದಳು.

"ಏನೇ ಲಲಿತಾ, ಇಲ್ಲೇ ಹುಟ್ಟಿದೋಳಿಗೆ ಇಲ್ಲಿನ ಗಾಳಿ ಸೇರದಂಗಾಯ್ತಾ?" ಎಂದು ಅಮ್ಮ ಚುಚ್ಚಿದಳು.

"ಎರಡು ದಿನ ಬಿಡು ಅತ್ತಿಗೆ, ಸರಿಹೋಗ್ತದೆ."

ಮಾರನೆಯ ಬೆಳಗ್ಗೆ ಟಿಫಿನ್ ಡಬ್ಬಿಯಿಂದ ಅತ್ತೆ ಆ ಚಾಕಲೇಟ್ ತೆಗೆದಳು. ದೊರೆಸಾನಿ ಕೊಟ್ಟು ಕಳಿಸಿದ್ದು. ಒಂದು ಚೂರು ಬಾಯಿಗೆ ಹಾಕಿಕೊಂಡು ನಾನು ಉಗಿದೆ, ಬೇವಿನಂಥ ಕಹಿ.

"ಅದು ಚೀಪೋದಲ್ಲ ಕಣೋ ಮಂಜ. ಕುಡಿಯೋದು. ಅವರ ಊರಲ್ಲಿ ಹಿಮ ಬೀಳೋ ಕಾಲಕ್ಕೆ ಮಾಡ್ತಾರೆ. ಗಟ್ಟಿ ಹಾಲು, ಕೆನೆ, ಸಕ್ಕರೆ, ಚಿಟಿಕೆ ಉಪ್ಪು. ಚಮಚ ನಿಲ್ಲಿಸಿದ್ರೆ ನಿಂತ್ಕೋಬೇಕು, ಹಂಗೆ. ದೊರೆಸಾನಿ ಮಗೀಗೂ ಜ್ವರ ಬಂದಿತ್ತು, ಮೊದಲು ಹೊಟ್ಟೇಲಿ ನಿಂತಿದ್ದೇ ಇದು."

ಅಮ್ಮ ಆ ಕಪ್ಪು ಗಟ್ಟಿಯನ್ನೇ ದೇವರನ್ನು ನೋಡುವಂತೆ ನೋಡಿದಳು.

ಮಾಡುವ ಕ್ರಮ ಕೇಳಿದ ಮೇಲಂತೂ ಅವಳಿಗೆ ಜೀವ ಬಂತು. ಚಾಕಲೇಟನ್ನು ನೇರ ಬೆಂಕಿಗೆ ಇಡಬಾರದು, ಹೊತ್ತುತ್ತದೆ. ಬಿಸಿನೀರಿನ ಮೇಲೆ ಇನ್ನೊಂದು ಪಾತ್ರೆ ಇಟ್ಟು ಅದರಲ್ಲಿ ಕರಗಿಸಬೇಕು. ಕೆಳಗಿನ ನೀರು ಕುದಿಯಬಾರದು, ಆರಲೂಬಾರದು.

"ಅಷ್ಟೇನಾ? ಹುಟ್ಟಿದಾಗಿಂದ ಇನ್ನೇನು ಮಾಡಿದೀನಿ ನಾನು?" ಎಂದವಳೇ ಪಾತ್ರೆ ಎತ್ತಿಕೊಂಡು ನೇರವಾಗಿ ಶೆಡ್ಡಿಗೆ ನಡೆದಳು. ಬೇಸನ್ನಿನ ನೀರು ಹದವಾಗಿ ಕಾದು ನಿಂತಿತ್ತು. ಗೂಡುಗಳನ್ನು ಪಕ್ಕಕ್ಕೆ ಸರಿಸಿ, ನಡುವೆ ಪಾತ್ರೆ ಇಟ್ಟು, ಅರ್ಧ ಗಟ್ಟಿಯನ್ನು ಕೆತ್ತಿ ಹಾಕಿದಳು. ಅತ್ತೆಗೂ ಅದು ತಪ್ಪು ಎನಿಸಲಿಲ್ಲ, ನಮಗಂತೂ ಯಾಕೆ ಎನಿಸಬೇಕು? ಚಾಕಲೇಟ್ ಎಣ್ಣೆಯ ಹಾಗೆ ಮಿರಮಿರ ಕರಗಿತು. ಅತ್ತೆ ಕಾಯಿಸಿದ ಹಾಲು ಸ್ವಲ್ಪ ಸ್ವಲ್ಪವೇ ಸುರಿದು ಕಡೆದಳು. ಬೆರಳಲ್ಲಿ ತೆಗೆದು ಎಲ್ಲರೂ ನೆಕ್ಕಿದೆವು. ಅಪ್ಪ ಎರಡು ಸಲ ನೆಕ್ಕಿ, "ಇದನ್ನ ತಿಂದೋರಿಗೆ ಜ್ವರ ಯಾಕೆ ಬರ್ತದೆ" ಎಂದರು.

ಅಕ್ಕ ಒಂದು ಗುಟುಕು ಕುಡಿದಳು. ಮುಖ ಹಿಂಡಿತು. ಮಂಚದ ಪಕ್ಕದ ಬಕೀಟಿಗೆ ಬಗ್ಗಿದಳು.

"ಇದರಲ್ಲೂ," ಎಂದಳು. ಕಣ್ಣಲ್ಲಿ ನೀರು.

ಅಪ್ಪ ಲೋಟ ಮೂಸಿದರು, ನಾನು ಮೂಸಿದೆ. ಏನೂ ಇಲ್ಲ. ಅತ್ತೆ ಮೂಸಿ, ಬಾಗಿಲಾಚೆ ಹೋಗಿ ತನ್ನ ಸೆರಗನ್ನೂ ಮೂಸಿ, ತಲೆ ಮೇಲೆ ಕೈ ಇಟ್ಟುಕೊಂಡು ಕೂತಳು. "ನೆನ್ನೆ ಬಂದಾಗ ನನ್ನ ಮೂಗಿಗೆ ಇತ್ತು ಅತ್ತಿಗೆ. ಇವತ್ತು ನನಗೂ ಇಲ್ಲ. ದೊರೆಸಾನಿ ಹೇಳಿದ್ಲು, ಈರುಳ್ಳಿ ಪಕ್ಕದಾಗೆ ಇಟ್ರೂ ಚಾಕಲೇಟು ಅದರ ವಾಸನೆ ಎಳ್ಕೋತದೆ ಅಂತ. ನಾವು ತಗೊಂಡೋಗಿ ಹುಳದ ನೀರಲ್ಲೇ ಕೂರಿಸಿದ್ವಿ!"

ಉಳಿದದ್ದು ಅರ್ಧ ಗಟ್ಟಿ. ಅದು ಶುಕ್ರವಾರ. ಸೋಮವಾರಕ್ಕೆ ಮಧ್ಯೆ ಎರಡೇ ದಿನ.

ಅಮ್ಮ ಯಾರನ್ನೂ ಬಯ್ಯಲಿಲ್ಲ, ಅಳಲಿಲ್ಲ. ಶನಿವಾರ ಬೆಳಗ್ಗೆ ಎದ್ದು ಟ್ರಂಕು ತೆಗೆದಳು. ಅಕ್ಕನ ಮದುವೆಗೆಂದು ಒಂದೊಂದಾಗಿ ಕೊಂಡಿಟ್ಟ ಸ್ಟೀಲು ಪಾತ್ರೆಗಳು, ಅಂಗಡಿಯ ಚೀಟಿ ಕೂಡ ಕಿತ್ತಿರದವು, ಅದರಲ್ಲಿದ್ದವು. ಎರಡು ಪಾತ್ರೆ, ಒಂದು ಲೋಟ, ಒಂದು ಸೌಟು ಹೊರಗೆ ಬಂದವು. ಸೀಗೆಕಾಯಿ ಹಾಕಿ ತಲೆಗೆ ನೀರು ಹಾಕಿಕೊಂಡಳು. ಕೈಗಳನ್ನು ಹುಣಸೆಹಣ್ಣಿನಿಂದ ಉಜ್ಜಿದಳು, ನಿಂಬೆಹೋಳಿನಿಂದ ಉಜ್ಜಿದಳು. ಟ್ರಂಕಿನ ತಳದಲ್ಲಿದ್ದ, ನುಸಿಗುಳಿಗೆ ವಾಸನೆಯ ಸೀರೆ ಉಟ್ಟಳು. "ಊರಾಚೆ ಹೋಗಣ" ಎಂದಳು.

ಚಿಂತಾಮಣಿ ರಸ್ತೆಯಲ್ಲಿ, ಕೊನೆಯ ಚರಕದ ಮನೆ ದಾಟಿ ಒಂದೆರಡು ಮೈಲಿಗೆ, ಅಪ್ಪನ ಪರಿಚಯದವರ ಮಾವಿನ ತೋಪಿತ್ತು. ಅಕ್ಕನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ಅಪ್ಪ ತಳ್ಳಿದರು, ನಾನು ಬೆನ್ನಿಗೆ ಆತು ಹಿಡಿದಿದ್ದೆ. ತೋಪಿನ ಹತ್ತಿರದವರಿಂದಲೇ ಹಾಲು ಕರೆಸಿಕೊಂಡೆವು. ತೋಪಿನಲ್ಲಿ ಚಳಿಬಿಸಿಲು, ಮರಗಳಲ್ಲಿ ಮೊದಲ ಹೂ. ಅಕ್ಕ ಬಾಯಿ ತೆರೆದು ಉಸಿರೆಳೆದಳು. ನಾನು ಮೂರು ಕಲ್ಲು ಹೂಡಿ, ಒಣ ಮಾವಿನ ಪುಳ್ಳೆ ತಂದು ಒಟ್ಟಿದೆ.

ಅಮ್ಮ ಪಾತ್ರೆಗೆ ಕೈ ಹಾಕಿದವಳು ತಡೆದು, ಬೆರಳನ್ನು ನನ್ನ ಮೂಗಿನ ಹತ್ತಿರ ತಂದಳು.

"ಬರ್ತದೇನೋ?"

"ಇಲ್ಲಮ್ಮ."

"ನಿನ್ನ ಮೂಗು ಯಾವ ಮೂಗು ಬಿಡು." ಅಕ್ಕನ ಕಡೆ ಬಗ್ಗಿ ಕೈ ಚಾಚಿದಳು. "ನೀನು ಹೇಳಮ್ಮ."

ಅಕ್ಕ ಮುಖವನ್ನು ಒಂಚೂರು ಆ ಕಡೆ ತಿರುಗಿಸಿದಳು, ಅಷ್ಟೇ.

ಅಮ್ಮ ತನ್ನ ಕೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಎದ್ದು, ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ, ಆ ಕಡೆಗೇ ಹತ್ತು ಹೆಜ್ಜೆ ನಡೆದು, ಒಂದು ಮರದ ಬುಡದಲ್ಲಿ ಕೂತಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಲಲಿತಾ, ನೀನೇ ಕೈ ಹಾಕು. ನೀರಿನ ಹದ ನಾನು ಹೇಳ್ತೀನಿ."

"ಅಲ್ಲಿಂದ ಹೆಂಗೆ ಹೇಳ್ತೀಯ ಅತ್ತಿಗೆ?"

"ಹೇಳ್ತೀನಿ ಕಣೇ. ಮಾಡು."

ಹೇಳಿದಳು. ಹೊಗೆ ಹೋಗುವ ರೀತಿ ನೋಡಿ ಹೇಳಿದಳು, ಪಾತ್ರೆಯ ಸದ್ದು ಕೇಳಿ ಹೇಳಿದಳು. "ಈಗ ಅಂಚಿನಾಗೆ ಸಾಸಿವೆಯಷ್ಟು ಗುಳ್ಳೆ ಬಂದಿರ್ತವೆ ನೋಡು." ಬಂದಿದ್ದವು. "ಒಂದು ಪುಳ್ಳೆ ಎಳಿ. ಮಂಜ, ಎಡಗಡೇದು, ಬಲಗಡೇದಲ್ಲ." ಎಳೆದೆ. "ಈಗ ಮೇಲಿನ ಪಾತ್ರೆ ಇಡು. ಒದ್ದೆ ಸೌಟು ಹಾಕಬೇಡ." ಅತ್ತೆ ಕೆತ್ತಿದ ಚಾಕಲೇಟ್ ಹಾಕಿದಳು. ಅದು ಮೊದಲು ಮೆತ್ತಗಾಯಿತು, ಆಮೇಲೆ ಹೊಳೆಯಿತು, ಆಮೇಲೆ ಹರಿಯಿತು. ಕೆನೆ ಬಿತ್ತು, ಹಾಲು ಬಿತ್ತು. ಒಂದು ಗಳಿಗೆಯೂ ನೀರು ಕೊತಕೊತ ಎನ್ನಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಕೂತವಳು, ಕೈ ತಾಗಿಸದೆ, ಬರೀ ಕಣ್ಣಿನಲ್ಲಿ ಆ ಒಲೆ ನಡೆಸಿದಳು. ನಾನು ಆಮೇಲೆ ಎಷ್ಟೋ ಯಂತ್ರ ನೋಡಿದ್ದೇನೆ, ಎಷ್ಟೋ ಇಂಜಿನಿಯರುಗಳನ್ನು ನೋಡಿದ್ದೇನೆ. ಅಂಥ ಕೆಲಸ ನೋಡಿಲ್ಲ.

ಪಾತ್ರೆಯೊಳಗಿನದು ಕೆರೆಮಣ್ಣಿನ ಬಣ್ಣಕ್ಕೆ ತಿರುಗಿ, ಸೌಟು ಎತ್ತಿದರೆ ರಿಬ್ಬನ್ನಿನ ಹಾಗೆ ಮಡಿಚಿ ಬೀಳುತ್ತಿತ್ತು. ಅತ್ತೆ ಚಮಚದಲ್ಲಿ ಅಕ್ಕನ ತುಟಿಗೆ ತಾಗಿಸಿದಳು. ಅಕ್ಕ ಕಣ್ಣು ಮುಚ್ಚಿದಳು. ನುಂಗಿದಳು. ಬಗ್ಗಲಿಲ್ಲ. ಇನ್ನೊಂದು ಚಮಚ.

"ಹೋಯ್ತಾ?" ದೂರದಿಂದ ಅಮ್ಮನ ದನಿ.

"ಹೋಯ್ತು ಅತ್ತಿಗೆ!"

"ನಿಂತಿದ್ಯಾ?"

"ನಿಂತಿದೆ!"

ಅರ್ಧ ಲೋಟ ಮುಗಿದ ಮೇಲೆ ಅಕ್ಕ ತಾನೇ ಲೋಟ ಹಿಡಿದುಕೊಂಡಳು. ಮೇಲ್ದುಟಿಯ ಮೇಲೆ ಕಂದು ಮೀಸೆ. ಅಪ್ಪ ಅಮ್ಮನ ಕಡೆಗೆ ತಿರುಗಿ, "ನಿನ್ನ ಮಗಳಿಗೆ ಮೀಸೆ ಬಂತು ನೋಡೇ" ಎಂದರು. ಅಮ್ಮ ನಕ್ಕಳೋ ಅತ್ತಳೋ ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಕೈ ಮಾತ್ರ ಬೆನ್ನ ಹಿಂದೆಯೇ ಇತ್ತು.

ಭಾನುವಾರವೂ ತೋಪಿಗೆ ಹೋದೆವು. ಸೋಮವಾರ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆಗದೆ ವಾಪಸ್ ಬಂದೆವು. ಅತ್ತೆ ಬೆಂಗಳೂರಿಗೆ ಹೊರಟಾಗ ಅಮ್ಮ ಒಂದು ತೀರ್ಮಾನ ಹೇಳಿದಳು: ಶಾರದ ನೆಟ್ಟಗಾಗುವ ತನಕ ತಾನು ಗೂಡು ಮುಟ್ಟುವುದಿಲ್ಲ. ಚರಕ ನಿಂತರೆ ಒಲೆಯೂ ನಿಲ್ಲುವ ಮನೆ ನಮ್ಮದು. ಅಪ್ಪ ಚಕ್ರದ ಹಿಡಿಯನ್ನೇ ನೋಡುತ್ತಾ ಕೂತರು.

"ಬೇಸನ್ ಹತ್ರ ನಾನು ಕೂತ್ಕೋತೀನಿ," ಎಂದೆ.

"ಸ್ಕೂಲೋ?" ಎಂದಳು ಅಮ್ಮ.

"ಒಂದು ತಿಂಗಳು ತಾನೇ."

ಯಾರೂ ನನ್ನನ್ನು ಕೂರಿಸಲಿಲ್ಲ, ನಾನೇ ಕೂತೆ. ಅಮ್ಮ ಶೆಡ್ಡಿನ ಬಾಗಿಲಾಚೆ ನಿಂತು ಹೇಳಿಕೊಟ್ಟಳು. ಮೊದಲ ವಾರ ಬೆರಳೆಲ್ಲ ಬೊಕ್ಕೆ. ಸಂಜೆ ಊಟಕ್ಕೆ ನಾನು ಅಕ್ಕನಿಂದ ದೂರ, ಜಗಲಿಯ ಕೊನೆಯಲ್ಲಿ ಕೂರುತ್ತಿದ್ದೆ. ಚಾಕಲೇಟ್ ಮುಗಿಯಿತು. ಆ ಹೊತ್ತಿಗೆ ಟ್ರಂಕಿನ ಪಾತ್ರೆಯಲ್ಲಿ ಮಹಡಿಯ ಮೇಲೆ ಮಾಡಿದ ಗಂಜಿ ಇಳಿಯತೊಡಗಿತ್ತು, ಆಮೇಲೆ ಮೆತ್ತನೆಯ ಮುದ್ದೆ. ಒಂದು ತಿಂಗಳು ಎಂದದ್ದು ಎರಡಾಯಿತು, ಪರೀಕ್ಷೆ ದಾಟಿತು. ನಾನು ಮತ್ತೆ ಸ್ಕೂಲಿಗೆ ಹೋಗಲಿಲ್ಲ. ಹೋಗಬಹುದಿತ್ತು. ಕೆಲಸ ಕೈಗೆ ಹತ್ತಿತ್ತು, ಅದರ ಹೆಮ್ಮೆಯೂ ಹತ್ತಿತ್ತು.

ಮಾವಿನಕಾಯಿ ಬಲಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅಕ್ಕ ತಾನಾಗಿ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ನಾನು ಹುರಿಗಡಲೆ ತಿನ್ನುತ್ತಿದ್ದೆ.

"ವಾಸನೆ ಕಣೇ, ಹೋಗು ಒಳಗೆ," ಎಂದೆ.

"ಗೊತ್ತು," ಎಂದಳು. ಹೋಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೇಸನ್ ನೀರಿನಿಂದ ಆಗಷ್ಟೇ ತೆಗೆದಿದ್ದ ನನ್ನ ಒದ್ದೆ ಅಂಗೈಯಿಂದಲೇ ಕಡಲೆ ಎತ್ತಿಕೊಂಡು ತಿಂದಳು. ಅವಳು ಉಳಿದಳು ಎಂದು ನನಗೆ ನಂಬಿಕೆ ಬಂದದ್ದು ಆವತ್ತು.

ಅಕ್ಕ ಈಗ ಗೌರಿಬಿದನೂರಿನಲ್ಲಿ ಟೀಚರು. ನನ್ನದು ಶಿಡ್ಲಘಟ್ಟದಲ್ಲೇ ಸ್ವಂತ ರೇಷ್ಮೆನೂಲಿನ ಘಟಕ. ಏಳನೇ ಕ್ಲಾಸಿಗೆ ಬಿಟ್ಟವನು ಇಷ್ಟು ಮಾಡಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕೈ ಚರಕಗಳು ನಮ್ಮ ಬೀದಿಯಿಂದ ಎದ್ದುಹೋದವು. ಯಂತ್ರದ ಮೇಲೆ ನೀರಿನ ಶಾಖ ಅಂಕಿಯಲ್ಲಿ ಬರೆದು ಬರುತ್ತದೆ. ಅಂಥ ಕಪ್ಪು ಚಾಕಲೇಟ್ ಈಗ ಚಿಕ್ಕಬಳ್ಳಾಪುರದ ಅಂಗಡಿಯಲ್ಲೇ ಸಿಗುತ್ತದೆ. ಚಳಿಗಾಲಕ್ಕೊಮ್ಮೆ ತಂದು, ಪಾತ್ರೆಯ ಮೇಲೆ ಪಾತ್ರೆ ಇಟ್ಟು ಮಾಡುತ್ತೇನೆ. ಮಕ್ಕಳು "ಸೂಪರ್ ಅಪ್ಪ" ಎನ್ನುತ್ತಾರೆ, ಅರ್ಧ ಬಿಟ್ಟು ಫೋನಿಗೆ ಓಡುತ್ತಾರೆ. ನಾನು ಗದರುವುದಿಲ್ಲ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಬೆರಳು ಮುಳುಗಿಸಿ ಹದ ಹೇಳುವುದನ್ನು ನಾನು ಅವಳಿಂದ ಕಲಿತೆ, ಕಣ್ಣು ಕಟ್ಟಿದರೂ ಹೇಳುತ್ತೇನೆ. ಹತ್ತು ಹೆಜ್ಜೆ ದೂರದಿಂದ ಹೇಳುವುದು ಮಾತ್ರ ನನಗೆ ಬರಲಿಲ್ಲ. ಎಷ್ಟೋ ಸಲ ಅಡುಗೆಮನೆಯ ಬಾಗಿಲಾಚೆ ನಿಂತು ನೋಡಿದ್ದೇನೆ, ಊಹಿಸಿದ್ದೇನೆ, ಹತ್ತಿರ ಬಂದು ನೋಡಿದರೆ ತಪ್ಪಿರುತ್ತದೆ. ಮಗುವಿನ ಹತ್ತಿರ ಕೈ ತರಬಾರದೆಂದು ಆ ಕೈಗಳನ್ನು ತಾನೇ ಬೆನ್ನ ಹಿಂದೆ ಕಟ್ಟಿಕೊಂಡವಳಿಗೆ ಬಂದ ವಿದ್ಯೆ ಅದು. ನನ್ನ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ. ನನಗೆ ಅದನ್ನು ಕಲಿಯುವ ದಿನ ಬರಲಿಲ್ಲ. ಬರುವುದೂ ಬೇಡ. ಆದರೆ ಅವಳೊಂದಿಗೆ ಆ ವಿದ್ಯೆ ಈ ಊರಿನಿಂದಲೇ ಹೋಯಿತು.