ಮೊದಲ ಗುಟುಕು ಯಾರದು?

ಹೊನ್ನಾವರದ ಮೀನು ಬಂದರಿನಲ್ಲಿ ಚಹಾ ಕುಡಿಯುವುದು ಅತ್ಯಂತ ಗಂಭೀರವಾದ ಸಂಗತಿ. ಮಳೆಗಾಲದ ರಜೆ ಮುಗಿಸಿ ಬೋಟುಗಳು ಕಡಲಿಗಿಳಿದಾಗ ಆ ವರ್ಷದ ಹೊರೆಕೂಲಿ ನಿಗದಿಯಾಗಬೇಕು. ಹರಾಜುಕಟ್ಟೆಯ ಒಂದು ಬದಿಗೆ ಬೋಟಿನ ಮಾಲೀಕರು, ಇನ್ನೊಂದು ಬದಿಗೆ ಮೀನು ಹೊರುವ ಹೆಂಗಸರು, ಒಬ್ಬೊಬ್ಬಳ ಮುಂದೆಯೂ ಮಾಲೀಕರು ತರಿಸಿದ ಚಹಾ. ಹೆಂಗಸರಲ್ಲಿ ಯಾರಾದರೂ ಲೋಟ ತುಟಿಗಿಟ್ಟರೆ ಮಾಲೀಕರು ಕೊನೆಗೆ ಹೇಳಿದ ದರಕ್ಕೆ ಎಲ್ಲರೂ ಒಪ್ಪಿದಂತೆ. ಸಹಿ, ಸಾಕ್ಷಿ ಎಲ್ಲ ಅದೇ.

ಬೆಳಕು ಹರಿಯುವ ಹೊತ್ತಿಗೆ ನಾಗು ಅಂಬಿಗ ಕಟ್ಟೆಯ ಮೇಲೆ ಕೂತಿದ್ದಾರೆ. ಹೆಂಗಸರ ಪರವಾಗಿ ಮಾತಾಡುವವರು ಅವರೇ. ಯಾರೂ ಆರಿಸಿದ್ದಲ್ಲ, ಹಿಂದೊಮ್ಮೆ ಎಲ್ಲರೂ ಸುಮ್ಮನಿದ್ದಾಗ ಇವರು ಬಾಯಿ ತೆರೆದರು, ಅಂದಿನಿಂದ ಕೆಲಸ ಅಂಟಿಕೊಂಡಿದೆ. ಬಂದರಿನ ಧಕ್ಕೆಗೆ ತಾಗಿ ನಿಂತ ಬೋಟುಗಳಲ್ಲಿ ಬಂಗುಡೆ ತುಂಬಿದೆ, ಮೇಲಿನ ಐಸು ಕರಗುತ್ತಿದೆ. ಮೀನು ಕೆಟ್ಟರೆ ಮಾಲೀಕರಿಗೆ ನಷ್ಟ, ಹೊರದಿದ್ದರೆ ಹೆಂಗಸರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಎರಡೂ ಕಡೆಯವರು ಐಸನ್ನೇ ನೋಡುತ್ತಿದ್ದಾರೆ, ನೋಡದವರ ಹಾಗೆ.

ಈ ವರ್ಷದ ತಕರಾರು ಕ್ರೇಟಿನದು. ಬಿದಿರಿನ ಬುಟ್ಟಿ ಹೋಗಿ ಪ್ಲಾಸ್ಟಿಕ್ ಕ್ರೇಟ್ ಬಂದಿದೆ. ಅದರಲ್ಲಿ ಎರಡು ಬುಟ್ಟಿ ಮೀನು ಹಿಡಿಯುತ್ತದೆ. ಕೂಲಿ ಮಾತ್ರ ಒಂದು ಬುಟ್ಟಿಯದೇ ಸಾಕೆಂದು ಮಾಲೀಕರ ವಾದ.

"ಕ್ರೇಟು ಹಗೂರ ಅದೆ ನಾಗಕ್ಕ, ಪ್ಲಾಸ್ಟಿಕ್ಕಲ್ದಾ?" ಎನ್ನುತ್ತಾರೆ ಮಾಲೀಕರ ಮುಖಂಡ ವಿಶ್ವನಾಥ.

"ಖಾಲಿ ಕ್ರೇಟು ಹೊರೂಕೆ ಕರದದ್ದಾ ನಮ್ಮನ್ನ? ಹಾಂಗಾರೆ ಹಳೇ ರೇಟೇ ಆತು."

ನಾಗು ಅವರ ಮನೆಯೊಂದರಲ್ಲೇ ಕೂಲಿ ಮೂರು ದಾರಿಯಲ್ಲಿ ಬರುತ್ತದೆ. ಗಂಡ ಭಟ್ಕಳದ ಬೋಟಿನಲ್ಲಿ ಬಲೆ ಎಳೆಯುತ್ತಾರೆ, ಹಿಡಿದ ಮೀನಿನಲ್ಲಿ ಪಾಲು. ಮಗಳು ಕವಿತಾ ಕುಮಟಾದ ಗೇರುಬೀಜದ ಕಾರ್ಖಾನೆಯಲ್ಲಿ ಕೆಜಿ ಲೆಕ್ಕದಲ್ಲಿ ದುಡಿಯುತ್ತಾಳೆ. ದರದ ಚೀಟಿ ಗೋಡೆಗೆ ಅಂಟಿಸಿರುತ್ತಾರೆ. "ಗೋಡೆ ಹತ್ರ ಚೌಕಾಸಿ ಮಾಡೂಕೆ ಬತ್ತದ್ಯಾ?" ಎಂದು ನಾಗು ಕೇಳುತ್ತಾರೆ. ಭಟ್ಕಳದ ಅವರ ತಂಗಿಯ ಧಕ್ಕೆಯಲ್ಲಿ ಒಬ್ಬೊಬ್ಬಳೂ ತನ್ನ ಬೋಟಿನವನ ಜೊತೆ ತಾನೇ ಮಾತಾಡಿಕೊಳ್ಳಬೇಕು. ಯಾರಿಗೆಷ್ಟು ಸಿಗುತ್ತದೆಂದು ಯಾರೂ ಬಾಯಿ ಬಿಡುವುದಿಲ್ಲ.

ಮೀನು ಕೊಳ್ಳಲು ಬಂದು ಕಾದು ನಿಂತ ಮಂಕಿ ಊರಿನ ರವೀಂದ್ರ, ಹಡಗಿನ ನೌಕರಿಯಿಂದ ನಿವೃತ್ತರಾದವರು, ತಮ್ಮ ಲೋಕಜ್ಞಾನವನ್ನು ಹಂಚುತ್ತಾರೆ. ಬೆಲ್ಜಿಯಂನಲ್ಲಿ ಕೂಲಿ ಗೊತ್ತುಮಾಡಲು ಒಂದೊಂದು ಕಸುಬಿಗೂ ಒಂದು ಸಮಿತಿ, ಪೇಟೆಯ ಬೆಲೆ ಏರಿದರೆ ಕೂಲಿಯೂ ತಾನಾಗಿ ಏರುತ್ತದೆ. ಇಂಗ್ಲೆಂಡಿನ ಖಾಸಗಿಯವರಲ್ಲಿ ಹೆಚ್ಚಾಗಿ ಕಂಪನಿಗೊಂದು ಮಾತುಕತೆ, ಕಂಪನಿಗೊಂದು ದರ. ಡೆನ್ಮಾರ್ಕಿನಲ್ಲಿ ಕನಿಷ್ಠ ಕೂಲಿಗೆ ಕಾಯ್ದೆಯೇ ಇಲ್ಲ, ಸಂಘದವರೂ ಮಾಲೀಕರೂ ಕೂತು ತೀರ್ಮಾನಿಸಿಕೊಳ್ಳುತ್ತಾರೆ.

"ಅವ್ರಿಗೂ ಮೊದ್ಲೇ ಚಾ ಕೊಡ್ತ್ರಾ?" ಎಂದು ನಾಗು ಕೇಳುತ್ತಾರೆ. ರವೀಂದ್ರ ಅದನ್ನು ವಿಚಾರಿಸಿಲ್ಲ.

ಬಿಸಿಲು ಏರುತ್ತದೆ. ವಿಶ್ವನಾಥ ಬೆವರು ಒರೆಸಿಕೊಂಡು, "ಕ್ರೇಟಿಗೆ ಒಂದೂಕಾಲು ಬುಟ್ಟಿ ಕೂಲಿ. ಇನ್ನು ಎಂತದೂ ಕೇಳಬೇಡಿ," ಎನ್ನುತ್ತಾರೆ. ನಾಗು ಲೋಟ ಮುಟ್ಟುವುದಿಲ್ಲ. ಇನ್ನು ಸ್ವಲ್ಪ ಕೂತರೆ ಮಾಲೀಕರು ಒಂದೂವರೆ ಬುಟ್ಟಿಗೆ ಬರುತ್ತಾರೆಂದು ಅವರಿಗೆ ಗೊತ್ತು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಲೋಟದ ಸದ್ದು. ಎಲ್ಲರಿಗಿಂತ ಹಿರಿಯಳಾದ ಹೊನ್ನಮ್ಮ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಕೂತವಳು, ಕಣ್ಣು ಕತ್ತಲಿಟ್ಟು, ಎದುರಿಗಿದ್ದ ಚಹಾ ಕುಡಿದುಬಿಟ್ಟಿದ್ದಾಳೆ.

"ಆತು!" ಮಾಲೀಕರ ಕಡೆಯಿಂದ ಕೂಗು.

"ಆತು ಅಂದ್ರೆ ಎಂತ? ಕುಡದವ್ಳಿಗೆ ಆತು, ನಮಗಲ್ಲ," ಎಂದು ಹೆಂಗಸರು ಎದ್ದು ನಿಲ್ಲುತ್ತಾರೆ.

ವಿಶ್ವನಾಥ ನಗುತ್ತಾರೆ. "ಹಾಂಗೇ ಆಗ್ಲಿ. ಹೊನ್ನಮ್ಮನ ಮಾತು ಹೊನ್ನಮ್ಮಂಗೆ. ಉಳ್ದವ್ರ ಹತ್ರ ಬೇರೆ ಬೇರೆ ಮಾತಾಡ್ವ. ಎಂತ ಹೇಳ್ತೆ ನಾಗಕ್ಕ?"

ಎಲ್ಲರ ಕಣ್ಣೂ ನಾಗು ಅವರ ಮೇಲೆ. ಹೊನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ತಪ್ಪಾತು ನಾಗು," ಎನ್ನುತ್ತಾಳೆ.

"ನೀನು ಸುಮ್ನಿರೇ ಹೊನ್ನಮ್ಮತ್ತೆ, ಇನ್ನೊಂದು ಲೋಟ ಕುಡಿ," ಎಂದು ನಾಗು ಹೆಂಗಸರತ್ತ ತಿರುಗುತ್ತಾರೆ. "ಒಬ್ಳು ಕುಡದದ್ದು ಒಬ್ಳಿಗೇ ಅಂದ್ರೆ, ನಾಳಿಂದ ಇವ್ರು ಒಬ್ಬೊಬ್ರನ್ನೇ ಕರದು ಚಾ ಕೊಡ್ತ್ರು. ತಿಳೀತಾ?"

ನಾಗು ತಣ್ಣಗಾದ ಚಹಾವನ್ನು ಒಂದೇ ಉಸಿರಿಗೆ ಕುಡಿದು ಲೋಟ ಕವುಚಿ ಇಡುತ್ತಾರೆ. ಒಬ್ಬೊಬ್ಬರಾಗಿ ಉಳಿದವರೂ ಕುಡಿಯುತ್ತಾರೆ. ವಿಶ್ವನಾಥರ ನಗು ಅಷ್ಟೊತ್ತಿಗೆ ನಿಂತಿದೆ.

ಈ ವರ್ಷ ಹೊನ್ನಾವರದಲ್ಲಿ ಒಂದು ಕ್ರೇಟಿಗೆ ಒಂದೂಕಾಲು ಬುಟ್ಟಿಯ ಕೂಲಿ. ಎಲ್ಲರಿಗೂ ಅಷ್ಟೇ.