ಮಲಪ್ರಭೆಯ ದಂಡೆಯಲ್ಲಿ ಹೆಜ್ಜೇನು

ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳಗಾವಿಯ ನಮ್ಮ ಚರ್ಚಿಗೆ ಹೊಸ ಪಾದ್ರಿಗಳು ಬಂದರು. ಇನ್ನೂ ಎಳೆಯ ವಯಸ್ಸು. ದೇವರು ಗಿಡಮರಗಳಲ್ಲಿದ್ದಾನೆ, ದಿನವೂ ಅವನನ್ನು ಗಮನಿಸಿ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು ಎಂಬುದು ಅವರ ಆಜ್ಞೆ. ಒಬ್ಬರಿಗೆ ದೇವರು ದಾಸವಾಳದಲ್ಲಿ ಕಂಡ, ಇನ್ನೊಬ್ಬರಿಗೆ ಗುಬ್ಬಿಯಲ್ಲಿ. ಟಿಳಕವಾಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಮಾತ್ರ ಎಲ್ಲಿಯೂ ಕಾಣಲಿಲ್ಲ. ನಮ್ಮವ್ವನಿಗಂತೂ ಅದು ಕೆಲಸವಿಲ್ಲದವರ ಮಾತು.

“ಮೂರು ದಿನ ಆತು, ನಳಕ್ಕ ನೀರು ಬಂದಿಲ್ಲ. ದಾಸವಾಳದಾಗಿಂದ ಇಳದು ಬಂದು ಎರಡು ಕೊಡ ತರಾಕ ಹೇಳ ಅವಗ,” ಎನ್ನುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಪಾದ್ರಿಗಳು ನಮ್ಮಲ್ಲಿ ಇಪ್ಪತ್ತು ಜನರನ್ನು ಬೆಳಗಿನ ರೈಲು ಹತ್ತಿಸಿ ಖಾನಾಪುರಕ್ಕೆ ಕರೆದೊಯ್ದರು. ಮಲಪ್ರಭೆಯ ದಂಡೆಯಲ್ಲಿ ದೊಡ್ಡದೊಂದು ಮರದ ಕೆಳಗೆ ಜಮಖಾನೆ ಹಾಸಿ ಕೂತೆವು. ಪ್ರಾರ್ಥನೆ ಉದ್ದವಾಗುವ ಲಕ್ಷಣ ಕಂಡು ಅವ್ವ ಮೆಲ್ಲಗೆ ಎದ್ದು ಹೋಗಿ, ಮರದ ಹಿಂದೆ ಮೂರು ಕಲ್ಲಿಟ್ಟು ಚಹಾಕ್ಕೆ ಬೆಂಕಿ ಹಚ್ಚಿದಳು. ಕಟ್ಟಿಗೆ ಹಸಿ. ಹೊಗೆ ನೆಟ್ಟಗೆ ಮೇಲೇರಿತು. ಮೇಲೇನಿದೆ ಎಂದು ಯಾರೂ ಕತ್ತೆತ್ತಿ ನೋಡಿರಲಿಲ್ಲ. ಪ್ರಕೃತಿಯಲ್ಲಿ ದೇವರನ್ನು ನೋಡಲು ಬಂದವರೆಲ್ಲ ಕಣ್ಣು ಮುಚ್ಚಿ ಕೂತಿದ್ದರು.

“ತಂದೆಯೇ, ನಿನ್ನ ಸನ್ನಿಧಿ ನಮಗೆ ತಟ್ಟಲಿ,” ಎಂದರು ಪಾದ್ರಿಗಳು. ಗುಂಯ್ ಎಂಬ ಸದ್ದು ಕೇಳಿತು. ನನ್ನ ಪಕ್ಕದಲ್ಲಿದ್ದ ಸಭೆಯ ಹಿರಿಯರೊಬ್ಬರು ಗದ್ಗದಿತರಾಗಿ, “ಬಂತು! ಪವಿತ್ರಾತ್ಮ ಬಂತು!” ಎಂದರು. ಮರುಕ್ಷಣವೇ “ಯವ್ವಾ, ಹೆಜ್ಜೇನು!” ಎಂದು ಕೂಗಿ ನನ್ನನ್ನು ದಾಟಿಕೊಂಡು ಓಡಿದರು.

ಆಮೆನ್ ಅನ್ನುವವರೇ ಉಳಿಯಲಿಲ್ಲ. ನಾನೂ ಓಡಿದೆ, ಅವ್ವನನ್ನು ಬಿಟ್ಟು. ಹೊಲದಾಚೆಯ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತು, “ಒಳಗ ಬರ್ರಿ, ಲಗೂ ಲಗೂ!” ಎಂದು ಕೈ ಬೀಸುತ್ತಿದ್ದಳು. ಹೊಸ್ತಿಲು ದಾಟಿ ತಿರುಗಿ ನೋಡಿದರೆ, ಪಾದ್ರಿಗಳು ಜಮಖಾನೆ ಹೊದಿಸಿದ ಒಂದು ಗಂಟನ್ನು ತಬ್ಬಿ ಹಿಡಿದು, ತಾವು ಬರಿ ತಲೆಯಲ್ಲಿ ನಡೆದು ಬರುತ್ತಿದ್ದರು. ಗಂಟಿನೊಳಗೆ ಅವ್ವ ಇದ್ದಳು.

ಆ ಹೆಂಗಸು ನಾವು ಯಾರು, ಯಾವ ಊರು, ಯಾವ ದೇವರು ಎಂದು ಕೇಳಲಿಲ್ಲ. ಗೋಡೆಯ ಮೇಲಿನ ತನ್ನ ದೇವರ ಪಟಗಳ ಕೆಳಗೆ ನಮ್ಮನ್ನು ಸಾಲಾಗಿ ಕೂರಿಸಿ, ಉಗುರಿನಿಂದ ಮುಳ್ಳು ಕಿತ್ತು ಸುಣ್ಣ ಹಚ್ಚುತ್ತಾ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನಮ್ಮ ಬುದ್ಧಿಯನ್ನು ಹಳಿದಳು. ಪಾದ್ರಿಗಳ ಮುಖ ಪೂರಿಯಂತೆ ಉಬ್ಬಿತ್ತು. ಅವರ ಕುತ್ತಿಗೆಯ ಮುಳ್ಳು ಕೀಳುತ್ತಿದ್ದ ಅವ್ವ ತಡೆಯಲಾರದೆ ಹೇಳಿದಳು:

“ಬೆಂಕಿ ಹಚ್ಚಿದಾಕಿ ನಾನರೀ.”

“ಗೊತ್ತೈತ್ರಿ ಅವ್ವಾರ. ಹೊಗಿ ವಾಸನಿ ಬಂದಿತ್ತು. ಚಹಾ ಆಗೂದರಾಗ ಪ್ರಾರ್ಥನಿ ಮುಗಸಬೇಕಂತ ಗಡಿಬಿಡಿ ಮಾಡಾಕತ್ತಿದ್ದೆ.”

ಅವ್ವ ನಗಲು ಹೋಗಿ ಅತ್ತಳು. ನಾನು ತಲೆ ತಗ್ಗಿಸಿದೆ. ಹೆತ್ತವಳನ್ನು ಬಿಟ್ಟು ಓಡಿದ್ದು ನಾನು.

ಮುಂದಿನ ಭಾನುವಾರ ಪಾದ್ರಿಗಳು ಬಾವಿಳಿಯದ ತುಟಿಯಲ್ಲೇ ಸಾಕ್ಷಿ ಕೇಳಿದರು. ಎಲ್ಲರೂ ನೆಲ ನೋಡಿದರು. ಎಂದೂ ಏಳದ ಅವ್ವ ಎದ್ದಳು.

“ಗಿಡದಾಗ, ಹೂವಿನ್ಯಾಗ ನನಗ ಯಾರೂ ಕಂಡಿಲ್ಲ. ಜಮಖಾನಿ ಹೊಚ್ಚಿದಾಗ ಒಳಗ ಬರೇ ಕತ್ತಲಿ. ಆ ಕತ್ತಲ್ಯಾಗ ಬಾಜೂಕ ಯಾರೋ ಅದಾರ ಅನಿಸ್ತು. ಪಾದ್ರಿಗೋಳ ಇರಬೇಕು. ಮುಂದಿಂದು ನನಗ ತಿಳಿಯಂಗಿಲ್ಲ.”

ಹೇಳಿ ಕೂತಳು. ನಾನು ಅವಳ ಕೈ ಹಿಡಿಯಲು ಹೋದೆ. “ಸಾಕ ಬಿಡ,” ಎಂದು ಕೊಡವಿಕೊಂಡು, ಹಾಡಿನ ಪುಸ್ತಕವನ್ನು ನನ್ನ ತೊಡೆಯ ಮೇಲೆ ಎಸೆದಳು.